ಸ್ಮಾರ್ಟ್ ಬೋರ್ಡಿನ ಮೋಹ ಮತ್ತು ಕೊನೆಯ ಬೆಂಚಿನ ಮಗು



ನಮ್ಮ ಮಠಗಳು ನಡೆಸುವ ಶಾಲೆಗಳಲ್ಲಿ ಇತ್ತೀಚೆಗೆ ಒಂದು ಹೊಸ ಬಗೆಯ ಉದ್ಘಾಟನೆ ಹೆಚ್ಚಾಗಿದೆ. ಹಿಂದೆ ಕೋಣೆ ಕಟ್ಟಿಸಿಕೊಟ್ಟವರ ಹೆಸರನ್ನು ಕಲ್ಲಿನಲ್ಲಿ ಕೆತ್ತಿಸುತ್ತಿದ್ದೆವು. ಈಗ ಇಂಟರಾಕ್ಟಿವ್ ಪ್ಯಾನೆಲ್ ಕೊಡಿಸಿದವರ ಹೆಸರನ್ನು ಪರದೆಯ ಮೇಲೆ ಮೂಡಿಸುತ್ತೇವೆ. ಪೂಜ್ಯರು ಗುಂಡಿ ಒತ್ತುತ್ತಾರೆ, ಪರದೆಯಲ್ಲಿ ಹೃದಯ ಬಡಿಯುತ್ತದೆ, ಗ್ರಹಗಳು ತಿರುಗುತ್ತವೆ, ನಾವೆಲ್ಲ ಚಪ್ಪಾಳೆ ತಟ್ಟುತ್ತೇವೆ. ಮಠದ ಶಾಲೆಯೂ ಕಾಲಕ್ಕೆ ತಕ್ಕಂತೆ ಬದಲಾಯಿತು ಎಂಬ ಸಮಾಧಾನದಿಂದ ಪ್ರಸಾದ ಸ್ವೀಕರಿಸಿ ಮನೆಗೆ ಮರಳುತ್ತೇವೆ. ಆದರೆ ಅದೇ ಕೋಣೆಯ ಕೊನೆಯ ಬೆಂಚಿನಲ್ಲಿ ಕುಳಿತ ಮಗುವಿಗೆ ಕನ್ನಡದ ಒಂದು ಪುಟವನ್ನು ತಡವರಿಸದೆ ಓದಲು ಬರುತ್ತದೆಯೇ ಎಂದು ಅಲ್ಲಿ ಯಾರೂ ಕೇಳುವುದಿಲ್ಲ. ಅದನ್ನು ಕೇಳುವುದಕ್ಕಾಗಿ ಈ ಲೇಖನ ಬರೆಯುತ್ತಿದ್ದೇನೆ.

ನಾನು ಯಂತ್ರಗಳ ವಿರೋಧಿಯಲ್ಲ. ಸಿವಿಲ್ ಎಂಜಿನಿಯರಿಂಗ್ ಓದಿ, ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಸರ್ಕಾರಿ ಸೇವೆಯಲ್ಲಿ ಕಾಲುವೆಗಳ ಕೆಲಸ ನೋಡಿದವನು. ಆ ಸೇವೆ ನನಗೆ ಒಂದು ಪರೀಕ್ಷೆಯನ್ನು ಕಲಿಸಿತು. ಕಾಲುವೆ ಕಟ್ಟಿ ಮುಗಿದ ದಿನ ತೂಬಿನ ಬಾಗಿಲು ಎತ್ತಿದರೆ ನೀರು ಭೋರ್ಗರೆದು ಬರುತ್ತದೆ. ಎಲ್ಲರೂ ಫೋಟೋ ತೆಗೆಸಿಕೊಳ್ಳುವುದು ಅಲ್ಲಿಯೇ. ಆದರೆ ಕಾಲುವೆ ಕೆಲಸ ಮಾಡುತ್ತಿದೆಯೋ ಇಲ್ಲವೋ ಎಂಬುದು ತಿಳಿಯಬೇಕಾದರೆ ಜೀಪು ಹತ್ತಿ ಕಾಲುವೆಯ ಕಟ್ಟಕಡೆಯ ಹೊಲಕ್ಕೆ ಹೋಗಬೇಕು. ತಲೆಭಾಗದಲ್ಲಿ ಕಬ್ಬು ಆಳೆತ್ತರ ಬೆಳೆದಿರುತ್ತದೆ. ಕೊನೆಭಾಗದಲ್ಲಿ ಜೋಳವೂ ಒಣಗಿರುತ್ತದೆ. ಕಾಗದದ ಮೇಲೆ ಇಬ್ಬರು ರೈತರೂ ನೀರಾವರಿ ಪಡೆದವರೇ. ಕಾಲುವೆಗೆ ಹೊಸ ಲೈನಿಂಗ್ ಹಾಕಿದ ಮಾತ್ರಕ್ಕೆ, ಬಾಗಿಲಿಗೆ ಮೋಟರು ಕೂಡಿಸಿದ ಮಾತ್ರಕ್ಕೆ ಕೊನೆಯ ಹೊಲಕ್ಕೆ ನೀರು ಮುಟ್ಟುವುದಿಲ್ಲ. ನೀರು ಎಲ್ಲಿ ಸೋರುತ್ತಿದೆ, ಎಲ್ಲಿ ನಿಲ್ಲುತ್ತಿದೆ ಎಂದು ಅಳೆದು ನೋಡಿದವರಿಗೆ ಮಾತ್ರ ಅದು ಸಾಧ್ಯ. ತರಗತಿಯ ಹೊಸತನಗಳನ್ನೂ ನಾನು ಇದೇ ಅಳತೆಯಿಂದ ನೋಡುತ್ತೇನೆ.

ನಾನು ಸದಸ್ಯನಾಗಿರುವ ಒಂದು ಶಾಲಾ ಸಮಿತಿಯ ಸಭೆಯಲ್ಲಿ ಎಲ್ಲ ಹೈಸ್ಕೂಲು ಕೋಣೆಗಳಿಗೂ ಸ್ಮಾರ್ಟ್ ಬೋರ್ಡು ಹಾಕಿಸುವ ಪ್ರಸ್ತಾವ ಬಂತು. ಕಂಪನಿಯ ಯುವಕ ಚೆನ್ನಾಗಿ ಮಾತಾಡಿದ. ಪರದೆಯ ಅಳತೆ, ಗ್ಯಾರಂಟಿ, ಪಾಠಗಳ ಸಂಖ್ಯೆ ಎಲ್ಲವನ್ನೂ ಹೇಳಿದ. ನಾನು ಎರಡು ಪ್ರಶ್ನೆ ಕೇಳಿದೆ. ನಮ್ಮ ಎಂಟನೇ ತರಗತಿಯಲ್ಲಿ ಭಾಗಾಕಾರ ಬಾರದ ಮಕ್ಕಳು ಎಷ್ಟು? ಈ ಬೋರ್ಡು ಬಂದರೆ ಆ ಮಕ್ಕಳಿಗೆ ಭಾಗಾಕಾರ ಹೇಗೆ ಬರುತ್ತದೆ? ಮೊದಲನೆಯದಕ್ಕೆ ಸಮಿತಿಯಲ್ಲಿ ಉತ್ತರವಿರಲಿಲ್ಲ. ಎರಡನೆಯದಕ್ಕೆ ಕಂಪನಿಯಲ್ಲಿ ಉತ್ತರವಿರಲಿಲ್ಲ. ಆದರೂ ಪ್ರಸ್ತಾವ ಸರ್ವಾನುಮತದಿಂದ ಎಂಬಂತೆ ಪಾಸಾಯಿತು. ದಾನಿಗಳು ಸಿದ್ಧರಿದ್ದಾರೆ, ಪಕ್ಕದ ಖಾಸಗಿ ಶಾಲೆಯವರು ಆಗಲೇ ಹಾಕಿಸಿದ್ದಾರೆ ಎಂಬುದೇ ವಾದವಾಯಿತು. ಇದು ಒಂದು ಸಂಸ್ಥೆಯ ಕಥೆಯಲ್ಲ. ಓದುಗರು ತಮ್ಮೂರಿನ ಸಂಸ್ಥೆಯ ಠರಾವು ಪುಸ್ತಕ ತೆರೆದು ನೋಡಲಿ.

ಯಂತ್ರವೊಂದು ಬಂದು ಶಾಲೆಯನ್ನು ಬದಲಿಸಿಬಿಡುತ್ತದೆ ಎಂಬ ನಂಬಿಕೆ ಹೊಸದಲ್ಲ. 1913ರಲ್ಲಿಯೇ ಥಾಮಸ್ ಎಡಿಸನ್, ಇನ್ನು ಪುಸ್ತಕಗಳ ಕಾಲ ಮುಗಿಯಿತು, ಹತ್ತು ವರ್ಷದಲ್ಲಿ ಶಾಲೆಗಳು ಸಿನಿಮಾದ ಮೂಲಕವೇ ಕಲಿಸುತ್ತವೆ ಎಂದು ಭವಿಷ್ಯ ಹೇಳಿದ್ದ. ನಮ್ಮ ಭಾಗದ ಹಿರಿಯರಿಗೆ ಇನ್ನೊಂದು ಉದಾಹರಣೆ ನೆನಪಿರಬೇಕು. 1975ರ ಆಗಸ್ಟಿನಿಂದ ಒಂದು ವರ್ಷ, ಅಮೆರಿಕದ ಉಪಗ್ರಹವೊಂದನ್ನು ಎರವಲು ಪಡೆದು, ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿ.ವಿ. ಪಾಠ ಮುಟ್ಟಿಸುವ ಸೈಟ್ ಪ್ರಯೋಗ ನಡೆಯಿತು. ಕರ್ನಾಟಕದಲ್ಲಿ ವಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳು ಅದರಲ್ಲಿದ್ದವು. ನಾನು ಆಗ ಹೈಸ್ಕೂಲು ಹುಡುಗ. ಬೆಳಿಗ್ಗೆ ಶಾಲೆಯ ಮಕ್ಕಳಿಗೆ, ಸಂಜೆ ಊರಿನವರಿಗೆ ಕಾರ್ಯಕ್ರಮ. ಎಂಜಿನಿಯರಿಂಗ್ ದೃಷ್ಟಿಯಿಂದ ಅದು ದೊಡ್ಡ ಸಾಧನೆ, ನಮ್ಮ ಇಸ್ರೋ ಅದರಿಂದ ಬಹಳ ಕಲಿಯಿತು. ಆದರೆ ವರ್ಷ ಮುಗಿದು ಉಪಗ್ರಹ ಬೇರೆಡೆ ಸರಿದ ಮೇಲೆ ಮಕ್ಕಳ ಪಾಲಿಗೆ ಉಳಿದದ್ದು ಅದೇ ಮಾಸ್ತರು, ಅದೇ ಕಪ್ಪು ಹಲಗೆ. ಆ ಮಾಸ್ತರು ಒಳ್ಳೆಯವರಾಗಿದ್ದ ಕಡೆ ಮಕ್ಕಳು ಕಲಿತರು.

ಈಚಿನ ಉದಾಹರಣೆಗಳೂ ಬೇಕಷ್ಟಿವೆ. ಪೆರು ದೇಶ ಬಡ ಮಕ್ಕಳಿಗೆ ಲಕ್ಷಗಟ್ಟಲೆ ಲ್ಯಾಪ್‌ಟಾಪ್ ಹಂಚಿತು. ಹಳ್ಳಿ ಶಾಲೆಗಳಲ್ಲಿ ಅದರ ಫಲವನ್ನು ಅಳೆದು 2012ರಲ್ಲಿ ಪ್ರಕಟಿಸಿದ ಅಧ್ಯಯನಕ್ಕೆ ಭಾಷೆಯಲ್ಲಾಗಲಿ ಗಣಿತದಲ್ಲಾಗಲಿ ಪ್ರಗತಿ ಕಾಣಲಿಲ್ಲ. ಶಾಲೆಗಳಲ್ಲಿ ಕಂಪ್ಯೂಟರಿಗೆ ಹೆಚ್ಚು ಹಣ ಸುರಿದ ದೇಶಗಳ ಮಕ್ಕಳ ಓದು, ಗಣಿತ, ವಿಜ್ಞಾನಗಳಲ್ಲಿ ಹೇಳಿಕೊಳ್ಳುವಂಥ ಸುಧಾರಣೆ ಆಗಿಲ್ಲ ಎಂದು ಶ್ರೀಮಂತ ರಾಷ್ಟ್ರಗಳದೇ ಸಂಘಟನೆಯಾದ ಒಇಸಿಡಿ 2015ರ ತನ್ನ ವರದಿಯಲ್ಲಿ ಹೇಳಿತು. ಪರದೆಗಳನ್ನು ಉತ್ಸಾಹದಿಂದ ಅಪ್ಪಿಕೊಂಡಿದ್ದ ಸ್ವೀಡನ್ 2023ರಲ್ಲಿ ಮುದ್ರಿತ ಪಠ್ಯಪುಸ್ತಕಗಳನ್ನು ಮತ್ತೆ ಮಕ್ಕಳ ಕೈಗೆ ಕೊಡಲು ಸರ್ಕಾರದ ಹಣ ತೆಗೆದಿರಿಸಿತು. ನಮ್ಮ ಬೆಂಗಳೂರಿನಲ್ಲೇ ಹುಟ್ಟಿ, 2022ರಲ್ಲಿ 22 ಬಿಲಿಯನ್ ಡಾಲರ್ ಬೆಲೆಬಾಳುವುದೆನಿಸಿಕೊಂಡಿದ್ದ ಬೈಜೂಸ್ 2024ರ ಜುಲೈನಲ್ಲಿ ದಿವಾಳಿ ಪ್ರಕ್ರಿಯೆಯ ಕಟಕಟೆ ಹತ್ತಿತು. ಇಂಥ ಕಂಪನಿಗಳ ಪಾಠಗಳನ್ನು ವರ್ಷದ ಚಂದಾ ಕಟ್ಟಿ ತಂದುಕೊಂಡ ಶಾಲೆ, ಕಂಪನಿ ಮುಚ್ಚಿದ ದಿನ ಗೋಡೆಯ ಮೇಲಿನ ಗಾಜನ್ನು ಏನು ಮಾಡಬೇಕು?

ಹಾಗಾದರೆ ಯಂತ್ರದಿಂದ ಯಾವ ಪ್ರಯೋಜನವೂ ಇಲ್ಲವೇ? ಇದೆ. ಅದನ್ನು ಮುಚ್ಚಿಟ್ಟು ವಾದ ಮಾಡುವುದು ನ್ಯಾಯವಲ್ಲ. ದಿಲ್ಲಿಯಲ್ಲಿ ಮೈಂಡ್‌ಸ್ಪಾರ್ಕ್ ಎಂಬ ಕಂಪ್ಯೂಟರ್ ಕಲಿಕೆಯ ಬಗ್ಗೆ ಅರ್ಥಶಾಸ್ತ್ರಜ್ಞರು ನಡೆಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನವಿದೆ. ಅಲ್ಲಿ ಆರನೇ ತರಗತಿಯ ಸರಾಸರಿ ಮಗು ಗಣಿತದಲ್ಲಿ ಸುಮಾರು ಎರಡೂವರೆ ತರಗತಿಯಷ್ಟು ಹಿಂದೆ ಬಿದ್ದಿತ್ತು. ಮೇಲಿನ ತರಗತಿಗೆ ಹೋದಂತೆ ಆ ಅಂತರ ಹೆಚ್ಚುತ್ತಲೇ ಹೋಗಿತ್ತು. ಆ ಯಂತ್ರ ಮಾಡಿದ್ದೇನೆಂದರೆ, ಪ್ರತಿ ಮಗು ಎಲ್ಲಿ ನಿಂತಿದೆ ಎಂದು ಮೊದಲು ಪರೀಕ್ಷಿಸಿ, ಆ ಮೆಟ್ಟಿಲಿನ ಲೆಕ್ಕವನ್ನೇ ಆ ಮಗುವಿಗೆ ಕೊಟ್ಟಿತು. ನಾಲ್ಕೂವರೆ ತಿಂಗಳಲ್ಲಿ ಮಕ್ಕಳು ಗಣನೀಯವಾಗಿ ಮುಂದೆ ಬಂದರು. ಅಲ್ಲಿ ಕೆಲಸ ಮಾಡಿದ್ದು ಪರದೆಯ ಹೊಳಪಲ್ಲ, ಮಗುವಿನ ಮಟ್ಟದಿಂದ ಆರಂಭಿಸಿದ ವಿವೇಕ. ನಮ್ಮ ಕೋಣೆಗಳಿಗೆ ಬರುತ್ತಿರುವ ಬೋರ್ಡು ಇದಕ್ಕೆ ತದ್ವಿರುದ್ಧ. ಅದು ನಲವತ್ತು ಮಕ್ಕಳಿಗೆ ಒಂದೇ ಪಾಠವನ್ನು, ಒಂದೇ ವೇಗದಲ್ಲಿ, ಇನ್ನೂ ಬಣ್ಣಬಣ್ಣವಾಗಿ ತೋರಿಸುತ್ತದೆ. ಮೊದಲೇ ಕಲಿತ ಮಗು ಇನ್ನಷ್ಟು ಕಲಿಯುತ್ತದೆ. ಕಲಿಯದ ಮಗು ಸಿನಿಮಾ ನೋಡಿದಂತೆ ನೋಡಿ ಎದ್ದು ಹೋಗುತ್ತದೆ.

ಇದೇ ವಿವೇಕ ಯಂತ್ರವಿಲ್ಲದೆಯೂ ಸಾಧ್ಯ. ಮುಂಬೈ ಮತ್ತು ವಡೋದರದಲ್ಲಿ ಪ್ರಥಮ್ ಸಂಸ್ಥೆ ಸ್ಥಳೀಯ ಹೆಣ್ಣುಮಕ್ಕಳನ್ನು ಬಾಲಸಖಿಯರೆಂದು ನೇಮಿಸಿ, ಹಿಂದೆ ಬಿದ್ದ ಮಕ್ಕಳನ್ನು ದಿನಕ್ಕೆ ಸುಮಾರು ಎರಡು ಗಂಟೆ ಬೇರೆಯಾಗಿ ಕೂಡಿಸಿ ಓದು-ಲೆಕ್ಕ ಕಲಿಸಿತು. ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಸಂಗಡಿಗರು ಅದರ ಫಲವನ್ನು ಅಳೆದರು. ಬಡತನ ನಿವಾರಣೆಯ ಇಂಥ ಪ್ರಯೋಗಗಳಿಗಾಗಿಯೇ 2019ರಲ್ಲಿ ಅವರಿಬ್ಬರಿಗೂ ಮೈಕೆಲ್ ಕ್ರೆಮರ್ ಅವರಿಗೂ ನೊಬೆಲ್ ಬಂತು. ಈ ಕ್ರಮ ಬಹಳ ಸರಳ. ಪ್ರತಿ ಮಗುವನ್ನೂ ಒಂಟಿಯಾಗಿ ಕೂಡಿಸಿಕೊಂಡು ಅಕ್ಷರ, ಪದ, ಸಣ್ಣ ಪ್ಯಾರಾ, ಕಥೆ ಎಂದು ಓದಿಸುತ್ತಾರೆ. ದಿನದ ಒಂದು ಅವಧಿಯಲ್ಲಿ ತರಗತಿಯ ಗೋಡೆ ಮರೆತು, ಮಟ್ಟಕ್ಕೆ ತಕ್ಕಂತೆ ಗುಂಪು ಮಾಡುತ್ತಾರೆ. ಐದನೇ ತರಗತಿಯ ಮಗುವಿಗೆ ಪದ ಓದಲು ಬಾರದಿದ್ದರೆ ಪದದಿಂದಲೇ ಆರಂಭಿಸುತ್ತಾರೆ. ಅದರಲ್ಲಿ ಅವಮಾನವೇನೂ ಇಲ್ಲ.

ಈ ಅಳತೆ ಏಕೆ ಬೇಕು? ಅದೇ ಪ್ರಥಮ್ 2005ರಿಂದ ಅಸರ್ ಹೆಸರಿನಲ್ಲಿ ಗ್ರಾಮೀಣ ಮಕ್ಕಳ ಸಮೀಕ್ಷೆ ನಡೆಸುತ್ತ ಬಂದಿದೆ. ದೇಶದ ಹಳ್ಳಿಗಳ ಐದನೇ ತರಗತಿಯ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಎರಡನೇ ತರಗತಿಯ ಪಾಠವನ್ನು ಸರಾಗವಾಗಿ ಓದಲು ಬರುವುದಿಲ್ಲ ಎಂಬ ಸ್ಥಿತಿಯನ್ನು ಅದು ಮತ್ತೆ ಮತ್ತೆ ತೋರಿಸಿದೆ. ಕೇಂದ್ರ ಸರ್ಕಾರ 2021ರಲ್ಲಿ ನಿಪುಣ್ ಭಾರತ್ ಆರಂಭಿಸಿ, 2026-27ರ ಹೊತ್ತಿಗೆ ಮೂರನೇ ತರಗತಿ ಮುಗಿಸುವ ಪ್ರತಿ ಮಗುವಿಗೂ ಓದು-ಲೆಕ್ಕ ಬರಬೇಕೆಂಬ ಗುರಿ ಇಟ್ಟಿತು. ಕೋವಿಡ್ ನಂತರ ನಮ್ಮ ರಾಜ್ಯ 2022-23ರಲ್ಲಿ ಕಲಿಕಾ ಚೇತರಿಕೆ ಕಾರ್ಯಕ್ರಮ ನಡೆಸಿತು. ಸರ್ಕಾರವೇ ರೋಗ ಇದೆ ಎಂದು ಒಪ್ಪಿಕೊಂಡಿದೆ. ನಮ್ಮ ಸಂಸ್ಥೆಗಳು ಮಾತ್ರ ಎಸ್ಸೆಸ್ಸೆಲ್ಸಿಯ ಮೊದಲ ಹತ್ತು ಮಕ್ಕಳ ಫೋಟೋವನ್ನು ಬ್ಯಾನರಿನಲ್ಲಿ ಹಾಕಿ, ಆರೋಗ್ಯವಾಗಿದ್ದೇವೆ ಎನ್ನುತ್ತಿವೆ. ಅದು ತಲೆಭಾಗದ ಕಬ್ಬನ್ನು ತೋರಿಸಿ ಕಾಲುವೆ ಚೆನ್ನಾಗಿದೆ ಎಂದಂತೆ.

ತರಗತಿಯಲ್ಲಿ ನಿಜವಾದ ಹೊಸತನ ಎಂದರೇನೆಂದು ನೋಡಲು ಸ್ವೀಡನ್ನಿಗೆ ಹೋಗಬೇಕಾಗಿಲ್ಲ. ಹೆಗ್ಗಡದೇವನಕೋಟೆಗೆ ಹೋದರೆ ಸಾಕು. ಕಾಡಂಚಿನ ಆ ಹಿಂದುಳಿದ ತಾಲ್ಲೂಕಿನ ಸರ್ಕಾರಿ ಪ್ರಾಥಮಿಕ ಶಾಲೆಯ ಶಿಕ್ಷಕರು 1995ರಲ್ಲಿ ಯುನಿಸೆಫ್ ನೆರವಿನಿಂದ ಆಂಧ್ರದ ರಿಷಿ ವ್ಯಾಲಿಗೆ ಹೋದರು. ಅಲ್ಲಿನ ಹಳ್ಳಿ ಶಾಲೆಗಳಲ್ಲಿ ಬೇರೆ ಬೇರೆ ವಯಸ್ಸಿನ ಮಕ್ಕಳು ಒಂದೇ ಕೋಣೆಯಲ್ಲಿ ತಮ್ಮ ತಮ್ಮ ವೇಗದಲ್ಲಿ ಕಲಿಯುವುದನ್ನು ಕಂಡರು. ಮರಳಿ ಬಂದು ತಾವೇ ಕುಳಿತು ಕಲಿಕಾ ಕಾರ್ಡುಗಳನ್ನು ಬರೆದರು. ಅದೇ ನಲಿ-ಕಲಿ. ಪಾಠಗಳನ್ನು ಮೈಲಿಗಲ್ಲುಗಳಾಗಿ ಒಡೆದು ಏಣಿಯಂತೆ ಜೋಡಿಸಿದರು. ಮಗು ಜ್ವರ ಬಂದೋ, ಸುಗ್ಗಿಗೆ ಹೋಗಿಯೋ ವಾರಗಟ್ಟಲೆ ಬಾರದಿದ್ದರೂ, ಬಿಟ್ಟ ಮೆಟ್ಟಿಲಿನಿಂದಲೇ ಹತ್ತಬಹುದಿತ್ತು. ಮಕ್ಕಳು ಸಾಲಾಗಿ ಅಲ್ಲ, ಗುಂಪಾಗಿ ನೆಲದ ಮೇಲೆ ಕುಳಿತರು. ಮಾಸ್ತರೂ ಕೆಳಗೆ ಕುಳಿತರು. ಗೋಡೆಯ ಸುತ್ತ ಮಗುವಿನ ಕೈಗೆ ಎಟುಕುವ ಎತ್ತರಕ್ಕೆ ಕಪ್ಪು ಹಲಗೆ ಬಂತು. ಬಲ್ಲ ಮಗು ಬಾರದ ಮಗುವಿಗೆ ಹೇಳಿಕೊಟ್ಟಿತು. 2009-10ರಲ್ಲಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಅದನ್ನು ವಿಸ್ತರಿಸಲಾಯಿತು.

ವಿಸ್ತರಿಸಿದ ಮೇಲೆ ನಲಿ-ಕಲಿ ಎಲ್ಲ ಕಡೆಯೂ ಒಂದೇ ಸಮನಾಗಿ ನಡೆಯಲಿಲ್ಲ ಎಂಬುದು ನಿಜ. ಶಿಕ್ಷಕರ ಕೊರತೆ ಇದ್ದ ಕಡೆ, ಕಾರ್ಡು ಹರಿದುಹೋದ ಕಡೆ, ತರಬೇತಿ ಹೆಸರಿಗಷ್ಟೇ ನಡೆದ ಕಡೆ ಅದು ಬರೀ ಸದ್ದಾಯಿತು. ಇದೂ ನನ್ನ ವಾದಕ್ಕೇ ಪೂರಕ. ಶಿಕ್ಷಕರು ತಮ್ಮದೆಂದು ಮಾಡಿದಾಗ ಅದಕ್ಕೆ ಜೀವವಿತ್ತು. ಆದೇಶವಾಗಿ, ಪೆಟ್ಟಿಗೆಯಾಗಿ ಬಂದಾಗ ಸೊರಗಿತು. ಮೇಲಿನಿಂದ ಬಂದಿಳಿಯುವ ಸ್ಮಾರ್ಟ್ ಬೋರ್ಡಿನ ಗತಿ ಬೇರೆಯಾಗುವುದು ಹೇಗೆ?

ಈಗ ನಮ್ಮದೇ ಪರಂಪರೆಯ ಮಾತಿಗೆ ಬರುತ್ತೇನೆ. ಮಠದ ಶಾಲೆಗಳ ವಿಷಯವಾದ್ದರಿಂದ ಇದನ್ನು ಹೇಳದೆ ಇರಲಾಗದು. ಕಲ್ಯಾಣದ ಅನುಭವ ಮಂಟಪವನ್ನು ನಾವು ಜಗತ್ತಿನ ಮೊದಲ ಸಂಸತ್ತು ಎಂದು ವೇದಿಕೆಗಳಲ್ಲಿ ಹೊಗಳುತ್ತೇವೆ. ನನಗೆ ಅದು ಸಂಸತ್ತಿಗಿಂತ ಹೆಚ್ಚಾಗಿ ತರಗತಿಯಾಗಿ ಕಾಣುತ್ತದೆ. ಅಲ್ಲಿ ಒಬ್ಬರು ಹೇಳಿ ಉಳಿದವರು ಬರೆದುಕೊಳ್ಳಲಿಲ್ಲ. ಅಂಬಿಗ, ಮಡಿವಾಳ, ಹಡಪದ, ಸಮಗಾರ ಎಲ್ಲರೂ ತಮ್ಮ ಕಾಯಕದ ಅನುಭವವನ್ನೇ ಮುಂದಿಟ್ಟು ಮಾತಾಡಿದರು. ಅಕ್ಕಮಹಾದೇವಿಯನ್ನು ಅಲ್ಲಮಪ್ರಭುಗಳು ಕಟುವಾಗಿ ಪ್ರಶ್ನಿಸಿದರು. ಅಕ್ಕ ಅಷ್ಟೇ ದಿಟ್ಟವಾಗಿ ಉತ್ತರಿಸಿದಳು. ಯಾರೂ ಅವಳನ್ನು ಸುಮ್ಮನೆ ಕುಳಿತುಕೋ ಎನ್ನಲಿಲ್ಲ. ಮಾತು ಸಂಸ್ಕೃತದಲ್ಲಿ ನಡೆಯಲಿಲ್ಲ, ಊರಿನ ಕನ್ನಡದಲ್ಲಿ ನಡೆಯಿತು. ಮನೆಯ ಭಾಷೆ, ಸ್ವಂತ ಅನುಭವ, ಪ್ರಶ್ನೆ ಕೇಳುವ ಹಕ್ಕು, ಕೊನೆಯವನಿಗೂ ಜಾಗ. ಇಂದಿನ ಶಿಕ್ಷಣ ತಜ್ಞರು ಹೊಸ ಹೊಸ ಹೆಸರಿಟ್ಟು ಹೇಳುತ್ತಿರುವುದು ಇವನ್ನೇ. ಅಂಥ ಪರಂಪರೆಯವರ ಶಾಲೆಗಳಲ್ಲಿ ಇಂದು ಮಗು ಬಾಯಿ ಬಿಟ್ಟರೆ ದಂಡ, ಕನ್ನಡ ಮಾತಾಡಿದರೆ ಇನ್ನೂ ದಂಡ. ಮೂರು ವರ್ಷದ ಕೂಸಿಗೆ ಇಂಗ್ಲಿಷ್ ಪ್ರಾಸ, ಹೈಸ್ಕೂಲಿನಿಂದಲೇ ನೀಟ್ ಕೋಚಿಂಗ್, ಗೋಡೆಗೆ ಬಸವಣ್ಣನವರ ಪಟ.

ಸಂಸ್ಥೆಗಳನ್ನು ಕಟ್ಟಿದವರನ್ನೂ ನೆನೆಯೋಣ. 1916ರಲ್ಲಿ ಬೆಳಗಾವಿಯಲ್ಲಿ ಕೆಎಲ್‌ಇ ಸಂಸ್ಥೆಯನ್ನು ಆರಂಭಿಸಿದವರು ಏಳು ಮಂದಿ ಶಿಕ್ಷಕರು. ಅವರನ್ನು ನಾವು ಸಪ್ತರ್ಷಿಗಳು ಎನ್ನುವುದು ಅವರ ಕಟ್ಟಡಗಳಿಗಾಗಿ ಅಲ್ಲ. ಫ.ಗು. ಹಳಕಟ್ಟಿಯವರು ತಮ್ಮ ವಕೀಲಿಯ ಗಳಿಕೆಯನ್ನೂ ಆಯುಷ್ಯವನ್ನೂ ವಚನಗಳ ಸಂಗ್ರಹಕ್ಕೆ, ಮುದ್ರಣಕ್ಕೆ ಸುರಿದರು. ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳು ಸಾವಿರಾರು ಮಕ್ಕಳಿಗೆ, ಜಾತಿ ಕೇಳದೆ, ಅನ್ನ ಮತ್ತು ಅಕ್ಷರ ಎರಡನ್ನೂ ಕೊಟ್ಟರು. ಆ ಪ್ರಸಾದ ನಿಲಯಗಳಿಗೆ ಬಂದದ್ದು ಕೊನೆಯ ಬೆಂಚಿನ ಮಕ್ಕಳೇ. ಅವರಿಗಾಗಿಯೇ ಹುಟ್ಟಿದ ಸಂಸ್ಥೆಗಳು ಇಂದು ಅವರನ್ನು ಮರೆತರೆ, ಉಳಿಯುವುದು ಶುಲ್ಕ ಪಡೆದು ಪಾಠ ಮಾರುವ ಇನ್ನೊಂದು ಅಂಗಡಿ ಮಾತ್ರ.

ಇದಕ್ಕೆ ಎದುರು ಮಾತುಗಳಿವೆ. ಪಾಲಕರೇ ಕೇಳುತ್ತಾರೆ, ಇಲ್ಲದಿದ್ದರೆ ಮಕ್ಕಳನ್ನು ಬಿಡಿಸಿಕೊಂಡು ಹೋಗುತ್ತಾರೆ ಎನ್ನುತ್ತಾರೆ. ಪಾಲಕರು ಬೋರ್ಡನ್ನು ಕೇಳುವುದು ಬೇರೆ ಯಾವ ಅಳತೆಯನ್ನೂ ನಾವು ಅವರಿಗೆ ತೋರಿಸದ ಕಾರಣಕ್ಕೆ. ಜೂನ್‌ನಲ್ಲಿ ನಿಮ್ಮ ಮಗಳು ಪದ ಓದುತ್ತಿದ್ದಳು, ನವೆಂಬರಿನಲ್ಲಿ ಕಥೆ ಓದುತ್ತಿದ್ದಾಳೆ ಎಂದು ಅವಳಿಂದಲೇ ತಂದೆತಾಯಿಯ ಮುಂದೆ ಓದಿಸಿದರೆ, ಯಾವ ಪಾಲಕರು ಬಿಡಿಸಿಕೊಂಡು ಹೋಗುತ್ತಾರೆ? ಇದು ಕೃತಕ ಬುದ್ಧಿಮತ್ತೆಯ ಕಾಲ, ಹಿಂದೆ ಉಳಿಯಬಾರದು ಎಂಬುದು ಇನ್ನೊಂದು ಮಾತು. ಆ ಯಂತ್ರ ಕೇಳಿದ್ದಕ್ಕೆಲ್ಲ ಉತ್ತರ ಕೊಡುತ್ತದೆ, ಸುಳ್ಳನ್ನೂ ಅಷ್ಟೇ ಧೈರ್ಯದಿಂದ ಹೇಳುತ್ತದೆ. ಸರಿಯಾದ ಪ್ರಶ್ನೆ ಕೇಳಲು, ಬಂದ ಉತ್ತರವನ್ನು ಓದಿ ಅನುಮಾನಿಸಲು ಬರುವವನಿಗೆ ಅದು ಸೇವಕ. ಓದಲು ಬಾರದವನಿಗೆ ಅದು ಒಡೆಯ. ಮುಂದಿನ ಕಾಲದ ಭಯ ಇರುವವರು ಮೊದಲು ಓದನ್ನೇ ಭದ್ರ ಮಾಡಬೇಕು.

ಇನ್ನು ಶಿಕ್ಷಕರ ಸಂಬಳ. ಅನುದಾನವಿಲ್ಲದ ನಮ್ಮ ಎಷ್ಟೋ ಶಾಲೆಗಳಲ್ಲಿ ಬಿ.ಇಡಿ. ಮುಗಿಸಿದ ಶಿಕ್ಷಕಿಗೆ ಗಾರೆ ಕೆಲಸದವನ ದಿನಗೂಲಿಯ ಲೆಕ್ಕದಷ್ಟೂ ತಿಂಗಳ ಸಂಬಳ ಸಿಗುವುದಿಲ್ಲ. ರಜೆಯ ತಿಂಗಳಿಗೆ ಅದೂ ಇಲ್ಲ. ಅವಳು ಎರಡು ವರ್ಷ ದುಡಿದು, ಕೈ ಪಳಗುವ ಹೊತ್ತಿಗೆ ಬೇರೆ ಕಡೆ ಹೋಗುತ್ತಾಳೆ. ಕಾಯಕದ ಘನತೆಯನ್ನು ಜಗತ್ತಿಗೆ ಸಾರಿದ ಧರ್ಮದ ಸಂಸ್ಥೆ ತನ್ನ ಶಿಕ್ಷಕಿಯ ಕಾಯಕಕ್ಕೆ ತಕ್ಕ ಪ್ರತಿಫಲ ಕೊಡದೆ ಬೋರ್ಡಿಗೆ ಲಕ್ಷಗಟ್ಟಲೆ ಕೊಡುವುದು ಯಾವ ನ್ಯಾಯ? ಬೋರ್ಡಿಗೆ ವಾರ್ಷಿಕ ನಿರ್ವಹಣಾ ಒಪ್ಪಂದ ಮಾಡುವ ಸಮಿತಿ ಶಿಕ್ಷಕಿಯ ತರಬೇತಿಗೆ ವರ್ಷಕ್ಕೆ ಎಷ್ಟು ತೆಗೆದಿರಿಸಿದೆ ಎಂದು ಲೆಕ್ಕ ಕೊಡಲಿ.

ಆದ್ದರಿಂದ ಪೂಜ್ಯರಲ್ಲಿ, ಸಮಿತಿಯವರಲ್ಲಿ, ದಾನಿಗಳಲ್ಲಿ ನನ್ನ ಬೇಡಿಕೆ ಇಷ್ಟು. ಬರುವ ಜೂನ್‌ನಲ್ಲಿ ಶಾಲೆ ಆರಂಭವಾದ ಮೊದಲ ಹದಿನೈದು ದಿನಗಳೊಳಗೆ ಮೂರರಿಂದ ಒಂಬತ್ತನೇ ತರಗತಿಯ ಪ್ರತಿ ಮಗುವನ್ನೂ ಒಂಟಿಯಾಗಿ ಕೂಡಿಸಿ ಒಂದು ಪುಟ ಓದಿಸಿ, ಒಂದು ಕಳೆಯುವ ಲೆಕ್ಕ, ಒಂದು ಭಾಗಾಕಾರ ಮಾಡಿಸಿ. ಒಂದು ಮಗುವಿಗೆ ಹತ್ತು ನಿಮಿಷ ಸಾಕು. ನಮ್ಮಂಥ ನಿವೃತ್ತರು, ಅಕ್ಕನ ಬಳಗದವರು, ಕಾಲೇಜು ವಿದ್ಯಾರ್ಥಿಗಳು ಬಂದು ಈ ಕೆಲಸ ಮಾಡಿಕೊಡುತ್ತೇವೆ. ಅನ್ನದ ದಾಸೋಹದಂತೆ ಇದನ್ನೂ ದಾಸೋಹವೆಂದು ತಿಳಿಯೋಣ. ಫಲಿತಾಂಶಕ್ಕೆ ತಕ್ಕಂತೆ ದಿನಕ್ಕೆ ಒಂದು ಗಂಟೆ ಮಟ್ಟದ ಗುಂಪುಗಳನ್ನು ನಡೆಸಿ. ವಾರಕ್ಕೆ ಒಂದು ಅವಧಿಯನ್ನು ಮಕ್ಕಳು ಪ್ರಶ್ನೆ ಕೇಳಲು ಬಿಡಿ, ಅಂದು ಶಿಕ್ಷಕರು ಉತ್ತರ ಹುಡುಕಲಿ. ಯಂತ್ರ ತರುವುದಾದರೆ ತನ್ನಿ. ಆದರೆ ಅದಕ್ಕೆ ಕೊಡುವ ಪ್ರತಿ ರೂಪಾಯಿಗೆ ಇನ್ನೊಂದು ರೂಪಾಯಿಯನ್ನು ಶಿಕ್ಷಕರ ಸಂಬಳ, ತರಬೇತಿ, ಗ್ರಂಥಾಲಯಕ್ಕೆ ಇಡಬೇಕೆಂದು ಠರಾವು ಮಾಡಿ. ವರ್ಷದ ಕೊನೆಗೆ ಜಾತ್ರೆಯ, ಶರಣ ಸಂಗಮದ ವೇದಿಕೆಯಲ್ಲಿ ಮೊದಲ ಹತ್ತು ಮಕ್ಕಳ ಜೊತೆಗೆ ಕೊನೆಯ ಹತ್ತು ಮಕ್ಕಳು ಎಷ್ಟು ಮುಂದೆ ಬಂದರು ಎಂಬುದನ್ನೂ, ಅವರ ಹೆಸರು ಹೇಳದೆ, ವರದಿ ಮಾಡಿ.

ಇಷ್ಟನ್ನು ಮಾಡಲು ಸರ್ಕಾರದ ಅನುಮತಿ ಬೇಕಿಲ್ಲ, ಟೆಂಡರ್ ಬೇಕಿಲ್ಲ. ಒಂದು ಮಠ ಆರಂಭಿಸಿದರೆ ಸಾಕು, ಉಳಿದವು ನೋಡಿ ಕಲಿಯುತ್ತವೆ. ನಿಮ್ಮೂರಿನ ಸಂಸ್ಥೆಯ ಮುಂದಿನ ಸರ್ವಸಾಧಾರಣ ಸಭೆಗೆ ಹೋಗಿ, ಎದ್ದು ನಿಂತು ಕೇಳಿ: ನಮ್ಮ ಶಾಲೆಯಲ್ಲಿ ಓದಲು ಬಾರದ ಮಕ್ಕಳು ಎಷ್ಟು? ಉತ್ತರ ಬರುವವರೆಗೂ ಕುಳಿತುಕೊಳ್ಳಬೇಡಿ.